ಬಿಕ್ಕು ಬಿಟ್ಟ ಅತ್ತಿಗೆ

ಅತ್ತಿಗೆಯ ಜೊತೆ ಬೀದಿಯಲ್ಲಿ ನಡೆಯುವುದೆಂದರೆ ಮಾನವಂತರು ಮಾಡುವ ಕೆಲಸವಲ್ಲ. ಮುಂದೆ ಯಾರು ಹೋಗುತ್ತಿದ್ದಾರೋ ಅವರ ನಡಿಗೆ ಆಕೆಯ ಕಾಲಿಗೆ ಬಂದುಬಿಡುತ್ತಿತ್ತು. ಅಂಚೆಯವನು ಹೋಗುತ್ತಿದ್ದರೆ ಅತ್ತಿಗೆಯ ಬಲಹೆಗಲು ಇಲ್ಲದ ಚೀಲದ ಭಾರಕ್ಕೆ ವಾಲುತ್ತಿತ್ತು. ತುಂಬು ಬಸುರಿಯೊಬ್ಬಳು ಹೋಗುತ್ತಿದ್ದರೆ, ಅರವತ್ತರ ಅಂಚಿಗೆ ಬಂದ ಆ ಒಣಕಲು ದೇಹ ಬೆನ್ನನ್ನು ಹಿಂದಕ್ಕೆ ಬಾಗಿಸಿ, ಹಿಮ್ಮಡಿಯ ಮೇಲೆ ಭಾರ ಬಿಟ್ಟು, ನೋಡಿದವರು ಗಾಬರಿಯಿಂದ ದಾರಿ ಬಿಡುವಂತೆ ಹೆಜ್ಜೆ ಹಾಕುತ್ತಿತ್ತು. ಒಂದು ದಿನ ಹೀಗೇ ಮುಂದೆ ಹೋಗುತ್ತಿದ್ದ ದಪ್ಪ ಆಸಾಮಿಯೊಬ್ಬ ತಟ್ಟನೆ ತಿರುಗಿ ನಿಂತ.

"ಏನಮ್ಮಾ, ಇಷ್ಟು ವಯಸ್ಸಾಗಿದೆ, ದಾರೀಲಿ ಹೋಗೋರನ್ನ ಅಣಕಿಸ್ತೀರಲ್ಲ, ನಾಚಿಕೆ ಆಗಲ್ವಾ?"

ನಾನು ಪಕ್ಕದ ಅಂಗಡಿಯ ಬೋರ್ಡನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಅತ್ತಿಗೆ ಮಾತ್ರ ಆತನ ಕಾಲನ್ನೇ ನೋಡುತ್ತಾ, "ಅಣಕ ಅಲ್ಲ ಸ್ವಾಮಿ. ನಿಮ್ಮ ಎಡಗಾಲಿನ ಬೂಟು ಕಚ್ತಾ ಇದೆ. ನಿಮ್ಮ ಹಿಂದೆ ನಡೆದೂ ನಡೆದೂ ನನ್ನ ಕಿರುಬೆರಳೂ ನೋಯೋಕೆ ಶುರುವಾಯ್ತು," ಎಂದರು. ಆಸಾಮಿ ಏನೋ ಹೇಳಹೋಗಿ ನಿಲ್ಲಿಸಿ, ಅಂಗಡಿಯ ಮೆಟ್ಟಿಲ ಮೇಲೆ ಕೂತು ಬೂಟು ಕಳಚಿದ. ಬೆರಳು ಕೆಂಪಗೆ ಊದಿತ್ತು. ಪಾಪ, ಅದು ಅವನಿಗೇ ಅಲ್ಲಿಯವರೆಗೆ ಸರಿಯಾಗಿ ಗೊತ್ತಿದ್ದಂತೆ ಕಾಣಲಿಲ್ಲ.

ಆಕೆ ನನಗೇನೂ ಅತ್ತಿಗೆಯಲ್ಲ. ನಮ್ಮ ನಾಟಕ ಕಂಪನಿಯ ಯಜಮಾನರ ತೀರಿಹೋದ ಅಣ್ಣನ ಹೆಂಡತಿ. ಯಜಮಾನರು ಕರೆದಂತೆ ಇಡೀ ಕಂಪನಿ ಕರೆಯುತ್ತಿತ್ತು. ನಾನು ಆ ಕಂಪನಿಗೆ ನಾಟಕ ಬರೆದುಕೊಡುತ್ತಿದ್ದವನು, ಆಕೆ ನನ್ನ ಮಾತುಗಳಿಗೆ ಪ್ರಾಣ ಕೊಡುತ್ತಿದ್ದವರು. ಇದರಲ್ಲಿ ಯಾರ ಕೆಲಸ ದೊಡ್ಡದು ಎಂಬ ಬಗ್ಗೆ ನನಗೆ ಮೊದಮೊದಲು ಒಂದು ಅಭಿಪ್ರಾಯವಿತ್ತು, ಆಮೇಲೆ ಅದು ಹೇಳಹೆಸರಿಲ್ಲದೆ ಹೋಯಿತು.

ತಾಲೀಮಿಗೆ ಆಕೆ ಬರುತ್ತಿದ್ದುದು ಗಂಡನ ಹಳೆಯ ಕಂದು ಕೋಟು ಹಾಕಿಕೊಂಡು. ತೋಳು ಮಡಚಿ ಮಡಚಿ ಅಂಚು ಸವೆದ, ಮೊಣಕಾಲಿನವರೆಗೆ ಇಳಿಬಿದ್ದ ಆ ಕೋಟಿನಲ್ಲೇ ರಾಣಿ, ಅದರಲ್ಲೇ ಭಿಕ್ಷುಕಿ, ಅದರಲ್ಲೇ ಹದಿನಾರರ ಹುಡುಗಿ. ಹೊಸಬರು ಮುಸಿಮುಸಿ ನಕ್ಕರೆ, "ಈ ಕೋಟಲ್ಲಿ ನಾನು ರಾಣಿ ಅಂತ ನಿಮಗೆ ಅನ್ನಿಸಿದ್ರೆ, ಆಮೇಲೆ ರೇಷ್ಮೆ ಉಟ್ಕೊಂಡ್ರಾಯ್ತು, ಅವಸರ ಏನು?" ಎನ್ನುತ್ತಿದ್ದರು. ನಕ್ಕವರು ಅರ್ಧ ಗಂಟೆಯಲ್ಲಿ ಆ ಕೋಟಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದು ಹಟವೆಂದರೆ, ಆಟ ಮುಗಿದ ಮೇಲೆ ಯಾರಾದರೂ "ಚೆನ್ನಾಗಿತ್ತು" ಎಂದರೆ ಮುಖ ಗಂಟಿಕ್ಕುವುದು. "ಅದು ಬಿಡಿ ಕವಿಗಳೇ, ಎಲ್ಲಿ ಸುಳ್ಳಾಯ್ತು ಹೇಳಿ" ಎಂದು ನನ್ನನ್ನು ಪರದೆಯ ಹಿಂದಿನ ಮೂಲೆಗೆ ಒತ್ತರಿಸಿಕೊಂಡು ಬರುತ್ತಿದ್ದರು. ಎಲ್ಲೂ ಇಲ್ಲ ಎಂದರೆ ಎರಡು ದಿನ ಮಾತಿಲ್ಲ.

ಇಂಥವರಿಗೂ ಕೂಡಿಟ್ಟ ಒಂದು ಗಂಟು ಇತ್ತು, ಅದೇ ಅವರ ಬಿಕ್ಕು. ನನ್ನ ನಾಟಕವೊಂದರ ಕೊನೆಯಲ್ಲಿ, ದೂರದ ಗಣಿಯಲ್ಲಿ ಸತ್ತ ಮಗನ ಬಟ್ಟೆಯ ಗಂಟನ್ನು ಅವನ ಜೊತೆಗಾರನೊಬ್ಬ ತಂದು ತಾಯಿಯ ಮುಂದಿಡುತ್ತಾನೆ. ತಾಯಿ ಗಂಟು ಮುಟ್ಟಿ, "ಆವತ್ತು ಊಟ ಮಾಡಿದ್ನಾ?" ಎಂದು ಕೇಳಬೇಕು. ಅಲ್ಲಿ ಅತ್ತಿಗೆ ಮಾತಿನ ನಡುವೆ ಉಸಿರನ್ನು ಒಳಕ್ಕೆ ಎಳೆದು, ಗಂಟಲಲ್ಲಿ ತಡೆದು, ಸಣ್ಣದೊಂದು ಬಿಕ್ಕಿನ ಮೇಲೆ ಬಿಡುತ್ತಿದ್ದರು. ಅಷ್ಟೇ! ಸಭೆ ಕರಗಿ ನೀರಾಗುತ್ತಿತ್ತು, ಆಮೇಲೆ ಚಪ್ಪಾಳೆ, ಚಪ್ಪಾಳೆಯ ಮೇಲೆ ಪರದೆ. ಜನ ಆ ಬಿಕ್ಕು ಕೇಳಲೆಂದೇ ಮತ್ತೆ ಮತ್ತೆ ಬರುತ್ತಿದ್ದರು. ವರ್ಷಗಟ್ಟಲೆ ಕಂಪನಿಯ ಒಲೆ ಉರಿದದ್ದು ಅದರಿಂದಲೇ ಎಂದರೆ ಉತ್ಪ್ರೇಕ್ಷೆಯಲ್ಲ.

ಗಂಟು ತರುವ ಆ ಜೊತೆಗಾರನ ಪಾತ್ರಕ್ಕೆ ಮಾತೇ ಇರಲಿಲ್ಲ, ಹಾಗಾಗಿ ಅದನ್ನು ನಮ್ಮ ಟಿಕೆಟ್ಟಣ್ಣನಿಗೆ ಅಂಟಿಸಲಾಗಿತ್ತು. ಕಿಟಕಿಯಲ್ಲಿ ಕೂತು ಟಿಕೆಟ್ಟು ಹರಿಯುವ ಈ ಗುಂಡು ಮನುಷ್ಯ ಮಧ್ಯಂತರ ಕಳೆದ ಮೇಲೆ ಕಿಟಕಿಗೆ ಬೀಗ ಜಡಿದು, ಬೀಗದ ಕೈ ಗೊಂಚಲನ್ನು ಜೇಬಿಗಿಳಿಸಿ, ಮುಖಕ್ಕೆ ಒಂದಿಷ್ಟು ಮಸಿ ಬಳಿದುಕೊಂಡು ರಂಗಕ್ಕೆ ಬರುತ್ತಿದ್ದ. ನಟನೆ ಅವನಿಗೆ ಗೊತ್ತಿರಲಿಲ್ಲ, ಆದರೆ ಯಾರ ದನಿಯನ್ನಾದರೂ ಅಣಕಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಕಂಪನಿಯ ಹುಟ್ಟುಹಬ್ಬದ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವನು ಯಜಮಾನರ ಕೆಮ್ಮು, ನನ್ನ ಸೀನು ಎಲ್ಲ ಮುಗಿಸಿ, ಕರವಸ್ತ್ರವನ್ನು ತಲೆಗೆ ಹೊದ್ದು, ಅತ್ತಿಗೆಯ ಬಿಕ್ಕನ್ನು ಎತ್ತಿಕೊಂಡ. ನಗಲು ಬಾಯಿ ತೆರೆದವರು ಹಾಗೇ ಉಳಿದೆವು. ಬಣ್ಣ ಹಚ್ಚುವ ಮುದುಕಿಯಂತೂ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಎಲ್ಲರೂ ಅತ್ತಿಗೆಯ ಕಡೆ ನೋಡಿದೆವು.

"ಇನ್ನೊಂದು ಸಲ ಮಾಡು," ಎಂದರು ಅತ್ತಿಗೆ.

ಮಾಡಿದ. ಮತ್ತೆ ಮಾಡಿಸಿದರು. ಒಂದೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಯಲ್ಲಿ ಇನ್ನೂ ತುತ್ತು ಅಗಿಯುತ್ತಲೇ ಮಾಡಿದ, ಮಹಾರಾಯ!

"ಊಟ ಮಾಡ್ತಾ ಮಾಡ್ತಾ ನಿನಗೆ ಇದು ಬರುತ್ತೆ. ಅವಳ ಕಣ್ಣಲ್ಲಿ ನೀರೂ ಬರುತ್ತೆ. ಹಾಗಾದ್ರೆ ನಾನು ಇಷ್ಟು ದಿನ ಅಲ್ಲಿ ನಿಂತು ಮಾಡ್ತಿದ್ದಿದ್ದು ಏನೋ?" ಅತ್ತಿಗೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಕೈ ತೊಳೆಯಲು ಎದ್ದು ಹೋದವರು ಬಹಳ ಹೊತ್ತು ಬರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಟಿಕೆಟ್ಟಣ್ಣನ ಕಿಟಕಿಯ ಮುಂದೆ ಕಂದು ಕೋಟು ನಿಂತಿತ್ತು. ಇನ್ನು ಮುಂದೆ ಬಿಕ್ಕು ಬಂದರೆ, ಬರುವ ಸುಳಿವು ಸಿಕ್ಕರೂ ಸಾಕು, ಅವನು ಜೇಬಿನಲ್ಲಿರುವ ಬೀಗದ ಕೈ ಅಲ್ಲಾಡಿಸಬೇಕು. ಇದು ಅಪ್ಪಣೆ. ಟಿಕೆಟ್ಟಣ್ಣ ತಲೆ ಚಚ್ಚಿಕೊಂಡ. "ಅತ್ತಿಗೆ, ಜನ ಬರೋದೇ ಅದಕ್ಕೆ. ನನ್ನ ಕೈಯಿಂದಲೇ ನನ್ನ ಕಿಟಕಿ ಮುಚ್ಚಿಸ್ತೀರಾ? ನಾನು ತಮಾಷೆಗೆ ಮಾಡ್ದೆ, ನನ್ನ ಬಾಯಿಗೆ ಬೆಂಕಿ ಹಾಕ!"

"ಬಾಯಿಗೆ ಬೆಂಕಿ ಆಮೇಲೆ. ಬೀಗದ ಕೈ ಮರೀಬೇಡ."

ಹಳೆಯದನ್ನು ಬಿಟ್ಟದ್ದೇನೋ ಆಯಿತು, ಆದರೆ ಆ ಜಾಗಕ್ಕೆ ಹೊಸದೇನೂ ಬರಲಿಲ್ಲ. ತಾಲೀಮಿನಲ್ಲಿ ಅತ್ತಿಗೆ "ಆವತ್ತು" ಎನ್ನುವುದರೊಳಗೆ ಜೇಬು ಗಲಗಲ ಎನ್ನುತ್ತಿತ್ತು. ಬಿಕ್ಕು ಆಕೆಯ ಇಚ್ಛೆಯನ್ನು ಕೇಳುವ ಹಂತವನ್ನು ದಾಟಿತ್ತು. ಉಸಿರು ಒಳಕ್ಕೆ ಹೋದರೆ ಸಾಕು, ಅದು ಬಂದು ಬಾಗಿಲಲ್ಲಿ ನಿಂತಿರುತ್ತಿತ್ತು. ಅದನ್ನು ತಳ್ಳಿ ಆಡಿದರೆ ಮಾತು ಒಣಕಲು. ಹಾಗೇ ಒಣಕಲಾಗಿಯೇ ಒಂದು ಸಂಜೆ ಸಭೆಯ ಮುಂದೆ ಆಡಿಯೂ ಬಿಟ್ಟರು. ಜನ ಕಾದರು. ಯಾರೋ ಕೆಮ್ಮಿದರು. ಹಿಂದಿನ ಸಾಲಿನಿಂದ ಒಬ್ಬ, "ಅಳಮ್ಮಾ, ಅಳು!" ಎಂದು ಕೂಗಿದ, ಸಭೆಗೆ ಸಭೆಯೇ ಗೊಳ್ಳೆಂದಿತು. ರಂಗದ ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೂಗಿದವನನ್ನು ತೃಪ್ತಿಪಡಿಸಲು ಆಕೆಗೆ ಒಂದು ಉಸಿರು ಸಾಕಿತ್ತು. ಆದರೆ ಆಕೆ ಅದನ್ನು ಎಳೆದುಕೊಳ್ಳಲಿಲ್ಲ.

ಯಜಮಾನರು ಕೆಟ್ಟವರಲ್ಲ, ಆದರೆ ಕಂಪನಿ ಅವರ ತಲೆಯ ಮೇಲಿತ್ತು. "ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಭಾನುವಾರ ಮಧ್ಯಾಹ್ನದ ಆಟ ಒಂದು ನೋಡ್ತೀನಿ. ಆಗಲಿಲ್ಲ ಅಂದ್ರೆ ಪಾತ್ರ ಹೊಸ ಹುಡುಗಿಗೆ. ಅವಳಿಗೆ ಬಿಕ್ಕು ಆಗಲೇ ಬಂದಿದೆ," ಎಂದರು. ಅದು ನಿಜವೇ, ಆ ಕಿರಿಯ ನಟಿ ಬಣ್ಣದ ಕೋಣೆಯ ಕನ್ನಡಿಯ ಮುಂದೆ ಅದನ್ನು ಚೆನ್ನಾಗಿಯೇ ತಿದ್ದಿಕೊಳ್ಳುತ್ತಿದ್ದಳು.

"ಬೇಡ ಅತ್ತಿಗೆ, ಒಂದೇ ಒಂದು ಸಲ ಹಳೇದನ್ನ ಮಾಡಿಬಿಡಿ," ಎಂದು ನಾನೂ ಅಂಗಲಾಚಿದೆ. ಆಕೆ ನನ್ನನ್ನು ನೋಡಿದ ನೋಟದಲ್ಲಿ ಮರುಕವಿತ್ತು. "ಕವಿಗಳೇ, ಆ ತಾಯಿ ಏನು ಕೇಳ್ತಾಳೆ ಅಂತ ನೀವೇ ಬರೆದಿದ್ದೀರಿ. ಅದನ್ನ ನಾನು ಇವತ್ತಿನ ತನಕ ಕೇಳೇ ಇಲ್ಲ. ಅತ್ತಿದ್ದೀನಿ ಅಷ್ಟೆ."

ಭಾನುವಾರ ಸಭೆ ಅರ್ಧ ಖಾಲಿ. ನಾನು ಪರದೆಯ ಹಗ್ಗದ ಬಳಿ ಯಜಮಾನರ ಪಕ್ಕ ನಿಂತಿದ್ದೆ. ಟಿಕೆಟ್ಟಣ್ಣ ಗಂಟು ತಂದಿಟ್ಟ. ಅತ್ತಿಗೆ ಅದನ್ನು ಮುಟ್ಟಿ, ತಲೆಯೆತ್ತಿ, ಅವನ ಮುಖವನ್ನು ನೋಡಿದರು. ಮಗನನ್ನು ಕೊನೆಯದಾಗಿ ಕಂಡ ಕಣ್ಣು ಇವನದೇ ಎಂಬುದು ಆಗ ಹೊಳೆದಂತೆ ನೋಡಿದರು. ಆಮೇಲೆ, ಮಾರುಕಟ್ಟೆಗೆ ಹೋದವನು ಬಂದನೇ ಎಂದು ವಿಚಾರಿಸುವಷ್ಟು ಸಾದಾ ದನಿಯಲ್ಲಿ, "ಆವತ್ತು ಊಟ ಮಾಡಿದ್ನಾ?" ಎಂದು ಕೇಳಿದರು.

ಕೇಳಿ, ಉತ್ತರಕ್ಕೆ ಕಾದರು.

ಉತ್ತರ ಇರಲಿಲ್ಲ. ನಾನು ಬರೆದಿರಲಿಲ್ಲ, ಇಷ್ಟು ವರ್ಷ ಬಿಕ್ಕು, ಚಪ್ಪಾಳೆ, ಪರದೆ ಆ ಜಾಗವನ್ನು ತುಂಬಿದ್ದರಿಂದ ಅಲ್ಲೊಂದು ಪ್ರಶ್ನೆ ಇದೆಯೆಂದು ಬರೆದ ನನಗೇ ಹೊಳೆದಿರಲಿಲ್ಲ. ಅತ್ತಿಗೆ ಕಣ್ಣು ಕೀಳದೆ ಕಾಯುತ್ತಿದ್ದರು. ಜೇಬು ಸದ್ದು ಮಾಡಲಿಲ್ಲ. ಟಿಕೆಟ್ಟಣ್ಣನ ಮಸಿ ಮೆತ್ತಿದ ಮುಖ ಒಮ್ಮೆ ನಮ್ಮ ಕಡೆ ತಿರುಗಿ, ಸಹಾಯ ಸಿಗದೆ, ಮತ್ತೆ ಆಕೆಯ ಕಡೆ ತಿರುಗಿತು.

"ಮಾಡಿದ್ದ, ಅತ್ತಿಗೆ," ಎಂದ. "ಹೊಟ್ಟೆ ತುಂಬಾ ಮಾಡಿದ್ದ."

ಅದು ಸುಳ್ಳೆಂದು ಆ ತಾಯಿಗೂ ಗೊತ್ತಾಯಿತು, ಸಭೆಗೂ ಗೊತ್ತಾಯಿತು. ಆದರೂ ಆಕೆ ತಲೆಯಾಡಿಸಿ, "ಸರಿ, ಹಾಗಾದ್ರೆ" ಎನ್ನುವಂತೆ ಗಂಟಿನ ಮೇಲೆ ಕೈ ಸವರಿದರು. ಯಜಮಾನರು ಪರದೆಯ ಹಗ್ಗ ಹಿಡಿದವರು ಎಳೆಯುವುದನ್ನೇ ಮರೆತರು. ಕೊನೆಗೂ ಪರದೆ ಬಿದ್ದಾಗ ಒಂದೇ ಒಂದು ಚಪ್ಪಾಳೆ ಇಲ್ಲ. ಜನ ಕೂತೇ ಇದ್ದರು, ಆಮೇಲೆ ಒಬ್ಬೊಬ್ಬರಾಗಿ, ಕುರ್ಚಿ ಸದ್ದಾಗದಂತೆ ಎದ್ದು ಹೋದರು.

"ಇದಕ್ಕೆ ಚಪ್ಪಾಳೆ ಬರಲ್ಲ ಅತ್ತಿಗೆ," ಎಂದರು ಯಜಮಾನರು.

"ಗೊತ್ತು ಕಣೋ."

"ಬರದಿದ್ರೆ ಬೇಡ ಬಿಡಿ. ಪಾತ್ರ ನಿಮ್ಮದೇ. ನಾಳೆನೂ ಹೀಗೇ ಮಾಡಿ."

ಅತ್ತಿಗೆ ಗಾಬರಿಯಾದರು. "ಅಯ್ಯೋ, ಹೀಗೇ ಹೇಗೆ ಮಾಡ್ಲಿ? ಹೀಗೇ ಮಾಡಿದ್ರೆ ಇದೂ ಇವನಿಗೆ ಬಂದುಬಿಡುತ್ತೆ! ನಾಳೆ ಮತ್ತೆ ಕೇಳ್ತೀನಿ. ಅವನು ಏನು ಹೇಳ್ತಾನೋ ನೋಡೋಣ."

ಹಾಗೆಯೇ ನಡೆಯಿತು. ಟಿಕೆಟ್ಟಣ್ಣ ಒಂದು ದಿನ "ಮಾಡಿದ್ದ" ಎನ್ನುತ್ತಿದ್ದ, ಒಂದು ದಿನ ಬರಿದೇ ತಲೆ ತಗ್ಗಿಸುತ್ತಿದ್ದ. ಪ್ರತಿದಿನ ರಂಗಕ್ಕೆ ಬರುವ ಮುನ್ನ ಪರೀಕ್ಷೆಗೆ ಹೋಗುವವನಂತೆ ನಡುಗುತ್ತಿದ್ದ. ಹಳೆಯ ಪ್ರೇಕ್ಷಕರಲ್ಲಿ ಕೆಲವರು ಮುನಿಸಿಕೊಂಡು ಬರುವುದನ್ನು ಬಿಟ್ಟರು. ಬಂದವರು ಮನೆಗೆ ಹೋಗುವ ದಾರಿಯಲ್ಲಿ ಮಾತಾಡುತ್ತಿರಲಿಲ್ಲ.

ಮುಂದಿನ ಹುಟ್ಟುಹಬ್ಬದ ಊಟಕ್ಕೆ ನಾವೆಲ್ಲ ಕೂತಿದ್ದಾಗ ಯಾರೋ ಟಿಕೆಟ್ಟಣ್ಣನನ್ನು ಹುರಿದುಂಬಿಸಿದರು: "ಅತ್ತಿಗೇದು ಮಾಡಪ್ಪಾ, ಈಗಿಂದು!" ಅವನು ಉತ್ಸಾಹದಿಂದಲೇ ಎದ್ದ. ಕರವಸ್ತ್ರ ಹೊದ್ದ. ಬಾಯಿ ತೆರೆದ. ಮತ್ತೆ ಮುಚ್ಚಿ, ಕರವಸ್ತ್ರ ತೆಗೆದು ಕೂತುಬಿಟ್ಟ.

"ಬರಲ್ಲ," ಎಂದ.

ಅತ್ತಿಗೆ ಆ ದಿನ ನಕ್ಕಂತೆ ಯಾವ ಚಪ್ಪಾಳೆಗೂ ನಕ್ಕಿದ್ದನ್ನು ನಾನು ಕಂಡಿಲ್ಲ. ಕಲಿಯುವುದೆಂದರೆ ಕೂಡಿಸುತ್ತಾ ಹೋಗುವುದು ಎಂದು ತಿಳಿದು, ಬಂದ ವಿದ್ಯೆಯನ್ನು ಬಿಗಿಯಾಗಿ ಅಪ್ಪಿಕೊಂಡು, ಅದನ್ನೇ ಆಡಿ ಆಡಿ ಮೆಚ್ಚುಗೆ ಪಡೆದು ಮುದುಕರಾಗುವವರು ನಾವೆಲ್ಲ. ಆಕೆಯ ಪೈಕಿಯವರು ಬೇರೆ: ಕೈಗೆ ಬಂದದ್ದು ಕೈಗೇ ಅಂಟಿಕೊಂಡಿತೆಂದು ಗೊತ್ತಾದ ಗಳಿಗೆಯಲ್ಲಿ, ಜಗತ್ತೆಲ್ಲ ಬೇಡ ಬೇಡ ಎನ್ನುತ್ತಿದ್ದರೂ ಅದನ್ನು ಕಳಚಿಟ್ಟು, ಬಾರದ್ದರ ಮುಂದೆ ಬರಿಗೈಯಲ್ಲಿ ಹೋಗಿ ನಿಲ್ಲುತ್ತಾರೆ, ಮಾರನೆಯ ದಿನ ಮತ್ತೆ ನಿಲ್ಲುತ್ತಾರೆ. ಅಂಥವರ ಹಿಂದೆ ನಾನೂ ಬೀದಿಯಲ್ಲಿ ಎಷ್ಟೋ ಸಲ ನಡೆದಿದ್ದೇನೆ. ಆ ನಡಿಗೆ ನನ್ನ ಕಾಲಿಗೆ ಇನ್ನೂ ಬಂದಿಲ್ಲ.