ಕ್ಯಾಮೆರಾಕ್ಕೆ ನೆಂಟಸ್ತಿಕೆ ಇಲ್ಲ

ಫೋಟೊ ನೋಡಿ "ಇದು ನಾನಲ್ಲ" ಎಂದು ಮೂಗು ಮುರಿಯುವವರಿಗೆಲ್ಲ ಸ್ಟುಡಿಯೋದವನ ಉತ್ತರ ಒಂದೇ: "ಕ್ಯಾಮೆರಾ ಏನು ನಿಮ್ಮ ನೆಂಟನಾ, ಮುಖಸ್ತುತಿ ಮಾಡೋಕೆ?" ಅಂದು ಬೆಳಿಗ್ಗೆ ಅದನ್ನು ಕೇಳಿಸಿಕೊಂಡವರು ಬೀದಿಯ ನಿವೃತ್ತ ಮೇಷ್ಟರು. ಪಾಪ, ಫೋಟೊಗಳನ್ನು ಜೇಬಿಗೆ ತುರುಕಿಕೊಂಡು, ಮುಖ ಸಪ್ಪೆ ಮಾಡಿಕೊಂಡು ಹೋದರು.

"ಮನುಷ್ಯನಿಗೆ ತನ್ನ ಮುಖ ತನಗೇ ಗೊತ್ತಿರಲ್ಲ ಕಣೇ," ಎಂದ ಅವನು, ಕೌಂಟರಿನಲ್ಲಿದ್ದ ಹೆಂಡತಿಗೆ. "ನನ್ನ ಕಣ್ಣು ಹಾಗಲ್ಲ. ಪಕ್ಷಪಾತ ಅನ್ನೋದೇ ಇಲ್ಲ."

"ಹೌದೌದು. ಆ ಕಣ್ಣನ್ನ ಸ್ವಲ್ಪ ಈ ಕಡೆ ತಿರುಗಿಸಿ. ಅಂಗಡಿ ಲೈಸೆನ್ಸಿಗೆ ನಿಮ್ಮ ಫೋಟೊ ಕೊಡೋಕೆ ಇವತ್ತೇ ಕೊನೆ. ಸಂಜೆ ಆಫೀಸಿನವರು ಬಾಗಿಲು ಹಾಕಿದ್ರೆ, ನಾಳೆ ನಾವು ಹಾಕಬೇಕಾಗುತ್ತೆ."

ಅವನು ಸ್ಟೂಲಿನ ಮೇಲೆ ಗತ್ತಿನಿಂದ ಕೂತ. ಅವಳು ಕ್ಲಿಕ್ಕಿಸಿದಳು. ಕಂಪ್ಯೂಟರಿನಲ್ಲಿ ನೋಡಿ ಅವನು ಹೌಹಾರಿದ.

"ಯಾರಿವನು? ಮೂಗು ಒಂದು ಕಡೆಗೆ ವಾಲಿದೆ! ಲೈಟು ಸರಿಯಿಲ್ಲ."

ಲೈಟು ಸರಿಸಿದ್ದಾಯಿತು. ಆಮೇಲೆ ತಪ್ಪು ಲೆನ್ಸಿನದಾಯಿತು, ಸ್ಟೂಲಿನ ಕಾಲಿನದಾಯಿತು, ಕೊನೆಗೆ ಅವಳ ಕೈಯದೂ ಆಯಿತು. ಹೊತ್ತು ಇಳಿಯತೊಡಗಿತು.

ಹೆಂಡತಿ ಮೊದಲನೆಯ ಫೋಟೊವನ್ನೇ ಕಂಪ್ಯೂಟರಿನಲ್ಲಿ ತೆರೆದು, ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ಅದಲುಬದಲು ಮಾಡಿ ತೋರಿಸಿದಳು.

"ಆಹಾ! ಇದು ನೋಡು, ಇದು ನಾನು! ಆಗಲೇ ಹೀಗೆ ತೆಗೆಯೋಕೆ ಏನಾಗಿತ್ತು?"

"ಆಗ ತೆಗೆದಿದ್ದೇ ರೀ ಇದು. ತಿರುಗಿಸಿದೀನಿ ಅಷ್ಟೇ. ನೀವು ದಿನಾ ಕನ್ನಡೀಲಿ ನೋಡಿ ನೋಡಿ ಒಗ್ಗಿಹೋಗಿರೋ ಮುಖ. ಇದನ್ನ ಆಫೀಸಿಗೆ ಕೊಡೋ ಹಾಗಿಲ್ಲ, ಮಚ್ಚೆ ಎಲ್ಲಿದೆ ನೋಡಿ."

ಅವನು ತನ್ನ ಎಡಗೆನ್ನೆಯ ಮಚ್ಚೆಯನ್ನು ಮುಟ್ಟಿಕೊಂಡ. ಫೋಟೊದಲ್ಲಿ ಅದು ಬಲಗೆನ್ನೆಯಲ್ಲಿತ್ತು.

"ಹಾಗಾದ್ರೆ... ನನ್ನ ಮೂಗು ನಿಜವಾಗ್ಲೂ ವಾಲಿದೆಯಾ?"

"ನಾನು ನಿಮ್ಮನ್ನ ಮೊದಲನೇ ಸಲ ನೋಡಿದಾಗಿಂದ."

"ಒಂದು ಮಾತು ಹೇಳಬಾರದಿತ್ತಾ?"

"ನಂಗೆ ಚೆನ್ನಾಗೇ ಕಾಣ್ತಿತ್ತಲ್ಲ. ನನ್ನ ಕಣ್ಣಿಗೆ ಪಕ್ಷಪಾತ, ಏನ್ಮಾಡ್ಲಿ?" ಎಂದು ಅವನ ಕಾಲರನ್ನು ಸರಿಮಾಡಿ, ತಿರುಗಿಸದ ಫೋಟೊವನ್ನು ಕೈಗಿಟ್ಟು ಕಳಿಸಿದಳು.

ಆಫೀಸಿನ ಗುಮಾಸ್ತ ಬಾಗಿಲು ಹಾಕುವವನಿದ್ದ. ಫೋಟೊ ನೋಡಿದ, ಇವನ ಮುಖ ನೋಡಿದ. "ಎಷ್ಟು ಚೆನ್ನಾಗಿ ತೆಗೆದಿದಾರೆ! ಥೇಟ್ ನೀವೇ," ಎಂದು ಮುದ್ರೆ ಒತ್ತಿದ.

ವಾಪಸು ಬರುವಾಗ ಅವನ ಕಾಲು ತಾನಾಗಿ ಮೇಷ್ಟರ ಮನೆಯ ಮುಂದೆ ನಿಂತಿತು.

"ಸಾರ್, ಆ ಫೋಟೊ ಮನೇಲಿ ತೋರಿಸಿದ್ರಾ?"

"ಮೊಮ್ಮಗಳಿಗೆ ತೋರಿಸ್ದೆ ಕಣಪ್ಪ. 'ಅಯ್ಯೋ ನನ್ನ ತಾತ' ಅಂತ ಮುತ್ತು ಕೊಟ್ಟು, ಎಲ್ಲಾ ಕಿತ್ಕೊಂಡು ಹೋದ್ಲು. ನಂಗೇ ಒಂದೂ ಉಳಿದಿಲ್ಲ."

"ಬೆಳಿಗ್ಗೆ ನಾನು ಹಾಗನ್ನಬಾರದಿತ್ತು ಸಾರ್. ನಾಳೆ ಬನ್ನಿ, ಇನ್ನೊಂದು ತೆಗೆಯೋಣ. ಅವಳನ್ನೂ ಕರ್ಕೊಂಡು ಬನ್ನಿ. ಯಾವುದು ನೀವು ಅಂತ ಅವಳೇ ಹೇಳಲಿ," ಎನ್ನುತ್ತಾ ಅವನು ತನಗೇ ಅರಿವಿಲ್ಲದೆ ಒಂದು ಬೆರಳಿನಿಂದ ಮೂಗನ್ನು ನೆಟ್ಟಗೆ ತಳ್ಳಿಕೊಂಡ.