ನೀಲಿ ಮೀನಿನ ತವರುಮನೆ

ಕಾರವಾರದ ಸಮುದ್ರವನ್ನು ಗದಗಿಗೆ ತಂದಿಟ್ಟುಕೊಂಡವರು ರಾಮಚಂದ್ರರಾಯರೊಬ್ಬರೇ. ಈರುಳ್ಳಿಯನ್ನೂ ಒಳಗೆ ಬಿಡದ ಮನೆತನ. ಅಂಥ ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ನೀರಿನಲ್ಲಿ ಮೀನು. ಕಾರವಾರಕ್ಕೆ ಹತ್ತಿ ಹೇರಿಕೊಂಡು ಹೋಗುವ ಲಾರಿ ಡ್ರೈವರ್ ರಹಮಾನಸಾಬ ಬರುವಾಗ ಗಾಜಿನ ಜಾಡಿಗಳಲ್ಲಿ ಸಮುದ್ರ ತುಂಬಿಕೊಂಡು ಬರುತ್ತಿದ್ದ. ನೀರಿಗೆ ಗಾಳಿ ಬೇಕಲ್ಲ? ರಾಯರಿಗೆ ಸಂಧ್ಯಾವಂದನೆ ತಪ್ಪಿದರೂ ಸೈಕಲ್ ಪಂಪು ತಪ್ಪುತ್ತಿರಲಿಲ್ಲ.

ತಾಯಿ ತುಳಸಾಬಾಯಿ ಇದಕ್ಕೆ ಒಪ್ಪಿದ್ದು ಒಂದೇ ಕರಾರಿನ ಮೇಲೆ. "ಈ ಮನ್ಯಾಗ ಹೆಣಾ ತೇಲಿತೋ, ಮೈಲಿಗಿ. ಅವತ್ತೇ ತೊಟ್ಟಿ ಬೀದಿಗೆ."

ಐವತ್ತಾರರ ಅಕ್ಟೋಬರಿನಲ್ಲಿ ಆ ಹೆಣ ತೇಲುವ ಲಕ್ಷಣ ಕಂಡಿತು. ಮೊದಲು ಬಂದದ್ದು ಬೆರಳುದ್ದದ ನೀಲಿ ಮೀನು. ಕಲ್ಲಿನ ಪೊಟರೆ ಹಿಡಿದು ಇನಾಮದಾರನಂತೆ ಕೂತಿತ್ತು. ಆಮೇಲೆ ಬಂದ ಹಳದಿ ಮೀನಿನ ಬಾಲ ನಾಲ್ಕೇ ದಿನದಲ್ಲಿ ಹರಿದ ಧೋತರದ ಅಂಚಿನಂತಾಗಿತ್ತು.

"ಏನ್ರಿ ರಾಯರ," ರಹಮಾನಸಾಬ ನಕ್ಕ. "ಮುಂಬೈದವರು, ಹೈದ್ರಾಬಾದದವರು, ಮೈಸೂರವರು ಎಲ್ಲಾ ಒಂದಾಗಾಕತ್ತಾರ. ನಿಮ್ಮ ಕಡಿಂದ ಎರಡು ಮೀನಾ ಕೂಡಸಾಕ ಆಗವಲ್ದು!"

ಅಣ್ಣತಮ್ಮಂದಿರು ಜಗಳಾಡಿದರೆ ನಡುಮನೆಗೆ ಗೋಡೆ ಎಬ್ಬಿಸುವುದು ಆ ಓಣಿಯ ಪದ್ಧತಿ. ರಾಯರೂ ತೊಟ್ಟಿಯ ನಡುವೆ ಗಾಜಿನ ಹಲಗೆ ಇಳಿಬಿಟ್ಟರು. ಗಾಜಿನಾಚೆ ವೈರಿ ಕಾಣುತ್ತಲೇ ಇತ್ತು. ನೀಲಿ ದಿನವಿಡೀ ಹಲಗೆಗೆ ಮೂತಿ ಗುದ್ದಿ ಗುದ್ದಿ, ಕೊನೆಗೆ ಕೆಳಗಿನ ಸಂದಿಯಲ್ಲಿ ನುಸುಳಿ ಉಳಿದ ಬಾಲಕ್ಕೂ ಬಾಯಿ ಹಾಕಿತು. ರಾಯರಿಗೆ ಊಟ ಸೇರಲಿಲ್ಲ.

ಮಡಿಸೀರೆಯಲ್ಲಿ ದೂರವೇ ಕೂತು ಜಪಮಣಿ ಎಣಿಸುತ್ತಿದ್ದ ತುಳಸಾಬಾಯಿಗೆ ತಡೆಯಲಾಗಲಿಲ್ಲ.

"ಮಬ್ಬ, ಪಾಲು ಮಾಡಿದ್ರ ಜಗಳ ನಿಲ್ತದೇನೋ? ಇಬ್ಬರು ಸೊಸೆಂದ್ರನ್ನ ಒಂದ ಒಲಿ ಮುಂದ ಬಾಳಸೀನಿ, ನನ್ನ ಕೇಳು. ಜೋರಿದ್ದಾಕಿನ್ನ ಎಂಟು ದಿನ ತವರಿಗೆ ಕಳಸಬೇಕು. ಆಕಿ ಬರೂದ್ರಾಗ ಒಲಿ, ಒಳ್ಳು, ಡಬ್ಬಿ, ಎಲ್ಲಾದರ ಜಾಗಾ ಬದಲಿ. ತಿರಿಗಿ ಬಂದಾಕಿಗೆ ಉಪ್ಪು ಎಲ್ಲದ ಅಂತ ಸಣ್ಣಾಕಿನ್ನೇ ಕೇಳಬೇಕಾಗ್ತದ. ಆತು, ಮೆತ್ತಗಾಗ್ತಾಳ."

"ಮೀನಿಗೆ ತವರು ಎಲ್ಲಿಂದ ತರಲಿ, ಅವ್ವಾ?"

"ತಂದವನ ಮನೀನೇ ತವರು."

ನೀಲಿ ಮೀನು ಜಾಡಿಯಲ್ಲಿ ಕೂತು, ಸೈಕಲ್ ಪಂಪಿನ ಸಮೇತ ರಹಮಾನಸಾಬನ ಮನೆಗೆ ಹೋಯಿತು. ರಾಯರಿಗೆ ಇನ್ನೊಂದು ಪಂಪು ಕೊಳ್ಳಬೇಕಾಯಿತು. ತೊಟ್ಟಿಯ ಕಲ್ಲುಗಳನ್ನೆಲ್ಲ ಎತ್ತಿ, ಪೊಟರೆಯನ್ನು ಮಗ್ಗುಲು ಬದಲಿಸಿಟ್ಟರು. ಹಳದಿ ಮೀನು ಎರಡು ದಿನ ನಂಬಲಿಲ್ಲ. ಮೂರನೆಯ ದಿನ ಪೊಟರೆಯಲ್ಲಿ ಸಂಸಾರ ಹೂಡಿತು.

ಒಂಬತ್ತನೆಯ ದಿನ ಮರಳಿದ ನೀಲಿ ಒಂದು ಸುತ್ತು ಹಾಕಿತು. ತನ್ನ ಕಲ್ಲಿಲ್ಲ, ತನ್ನ ಮೂಲೆಯಿಲ್ಲ. ಹಳದಿಯೇ ಮುಂದೆ ಬಂದು ಒಮ್ಮೆ ಹಾಯ್ದಾಗ, ಹಿಂದೆ ಸರಿದು ಹೊಸಬರಂತೆ ತುದಿಯಲ್ಲಿ ನಿಂತಿತು. ಸಂಜೆಯ ಹೊತ್ತಿಗೆ ಎರಡೂ ಒಂದೇ ಕಡೆ ಕಾಳು ಹೆಕ್ಕುತ್ತಿದ್ದವು. ತೊಟ್ಟಿ ಉಳಿಯಿತು. ರಾಯರು ಮೂರು ಹೋಳಿಗೆ ತಿಂದರು.

ಬಡಿಸುತ್ತಿದ್ದ ಹೆಂಡತಿ ವಿಮಲಾಬಾಯಿ ಮಾತ್ರ ಸೌಟು ಹಿಡಿದು ತೊಟ್ಟಿಯನ್ನೇ ನೋಡುತ್ತ ನಿಂತಿದ್ದಳು.

"ಅತ್ತಿ, ಸಣ್ಣಾಕಿ ಮದುವಿಯಾಗಿ ಬಂದ ವರ್ಷ ನನ್ನ ತವರಿಗೆ, ಶಿರಹಟ್ಟಿಗೆ ಕಳಿಸಿದ್ರಿ. ಬಂದು ನೋಡಿದ್ರ ಒಲಿ ಪಡುವಣ ಗ್ವಾಡಿಗೆ ಹೋಗಿತ್ತು. ಹೊಗಿ ಭಾಳ ಆಗ್ತಿತ್ತು ಅಂದಿದ್ರಿ."

ತುಳಸಾಬಾಯಿಯ ಜಪಮಣಿ ಜೋರಾಗಿ ಓಡತೊಡಗಿತು.

ಮರುವಾರ ವಿಮಲಾಬಾಯಿ ಬಹಳ ಪ್ರೀತಿಯಿಂದ ಅತ್ತೆಯನ್ನು ಲಕ್ಷ್ಮೇಶ್ವರಕ್ಕೆ, ಮಗಳ ಮನೆಗೆ, ಬಸ್ಸು ಹತ್ತಿಸಿದಳು. "ಎಂಟು ದಿನ ಆರಾಮ ಇದ್ದು ಬರ್ರಿ."

ನವೆಂಬರ್ ಒಂದರ ಮೆರವಣಿಗೆ ಮುಗಿದ ಮರುದಿನ ತುಳಸಾಬಾಯಿ ಮರಳಿದರು. ಒಲೆ ಮೂಡಣ ಗೋಡೆಗಿತ್ತು. ಉಪ್ಪಿನ ಮಡಕೆ ಎಲ್ಲಿತ್ತೋ. ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿ, ಪಡಸಾಲೆಗೆ ಬಂದು, ಎಂದೂ ಇಲ್ಲದವರು ತೊಟ್ಟಿಯ ಪಕ್ಕದಲ್ಲೇ ಕೂತರು.

"ರಾಮಾ," ಎಂದರು, ಮೆತ್ತಗೆ. "ಆ ನೀಲಿದಕ್ಕ ಏನರ ತಿನ್ನಾಕ ಹಾಕೀರೇನೋ?"