ಕೆಂಗೇರಿಯ ಅಪಾಯಗಳು

ಕೆಂಗೇರಿಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಜಗದಾಂಬಾಳನ್ನು ಉಪಾಧ್ಯಾಯಿನಿಯಾಗಿ ನೇಮಿಸಿದ ಆರ್ಡರು ಬಂದದ್ದು ಒಂದು ಬುಧವಾರ. ಬರುವ ಸೋಮವಾರ ಹಾಜರಾಗದಿದ್ದರೆ ಕೆಲಸ ಬೇರೆಯವರ ಪಾಲು ಎಂದು ಅದರ ಕೊನೆಯ ಸಾಲಿನಲ್ಲಿತ್ತು. ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಹಪ್ಪಳ ಒತ್ತಿಕೊಂಡಿದ್ದ ಜಗದಾಂಬಾ ಅದನ್ನು ಎರಡು ಸಲ ಓದಿ ಅಪ್ಪಾಜಿಯ ಮುಂದಿಟ್ಟಳು.

ಅಪ್ಪಾಜಿ ಚನ್ನವೀರಪ್ಪನವರು ದಾವಣಗೆರೆ ಕಡೆಯವರು. ಶಿರಸ್ತೇದಾರರಾಗಿ ನಿವೃತ್ತರಾಗಿ, ರಾಜಾಜಿನಗರದಲ್ಲಿ ಮನೆ ಕಟ್ಟಿಸಿ ಮೂರು ವರ್ಷವಾಗಿತ್ತು. ಕೆಂಗೇರಿ ಎಂಬ ಹೆಸರು ಕಂಡೊಡನೆ ಅವರು ಆರ್ಡರನ್ನು ಪಕ್ಕಕ್ಕಿಟ್ಟು, ಬೀರುವಿನಿಂದ ಒಂದು ದಪ್ಪ ರಟ್ಟಿನ ಪುಸ್ತಕ ತೆಗೆದರು. ಪತ್ರಿಕೆಯಲ್ಲಿ ಬಂದ ಅಪಘಾತ, ಕಳವು, ಹಾವು ಕಡಿತ, ಕಾಲರಾಗಳ ಸುದ್ದಿಯನ್ನೆಲ್ಲ ಕತ್ತರಿಸಿ, ಊರಿಗೊಂದು ಪುಟದಂತೆ ಅಂಟಿಸಿಟ್ಟ ಪುಸ್ತಕ ಅದು. ಮೂವತ್ತು ವರ್ಷ ಕಡತ ಕಟ್ಟಿದ ಕೈ, ಸುಮ್ಮನಿರುವುದು ಹೇಗೆ? ಮೈಸೂರು ದಸರಾ ಎಂದರೆ ಅವರಿಗೆ ನೂಕುನುಗ್ಗಲಲ್ಲಿ ಕಾಲು ಮುರಿದುಕೊಂಡ ಇಬ್ಬರು. ನಂದಿಬೆಟ್ಟ ಎಂದರೆ ಬ್ರೇಕು ಹಿಡಿಯದ ಒಂದು ಬಸ್ಸು. ಶಿವಗಂಗೆ ಎಂದರೆ ಜೇನುಹುಳು. ಅಲ್ಲಿಗೆಲ್ಲ ಹೋಗಿ ಬಂದವರು ಗಾಳಿಯನ್ನೂ ನೋಟವನ್ನೂ ಹೊಗಳಿದರೆ, ಪಾಪ, ಬದುಕಿ ಬಂದ ಸಂತೋಷಕ್ಕೆ ಏನೋ ಅನ್ನುತ್ತಾರೆ ಎಂದು ಅವರು ಕನಿಕರಪಡುತ್ತಿದ್ದರು.

ಕೆಂಗೇರಿಯ ಪುಟದಲ್ಲಿ ಮೂರೇ ತುಣುಕುಗಳಿದ್ದವು. ಒಂದು, ಗೂಳಿ ತಿವಿದದ್ದು. ಇನ್ನೊಂದು, ಕಟ್ಟೆಯಿಲ್ಲದ ಬಾವಿಗೆ ಕುರಿ ಬಿದ್ದದ್ದು. ಮೂರನೆಯದರಲ್ಲಿ ‘ಕೆಂಗೇರಿಯಲ್ಲಿ ರೈಲಿನಿಂದ ಇಳಿದ ಪ್ರಯಾಣಿಕನೊಬ್ಬನು’ ಎಂದಷ್ಟೇ ಇತ್ತು. ಮುಂದಿನ ಸಾಲು ಕತ್ತರಿಗೆ ಸಿಕ್ಕಿ ಹೋಗಿತ್ತು. ಚನ್ನವೀರಪ್ಪನವರಿಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಈ ಮೂರನೆಯದು.

ರಾಜಾಜಿನಗರದ ಪುಟ ಮಾತ್ರ ಖಾಲಿ. ಅವರದೇ ಬೀದಿಯಲ್ಲಿ ಆ ವರ್ಷ ಮೂರು ಕಳವಾಗಿತ್ತು, ಒಂದು ಹಂಚು ಬಿದ್ದು ನೆರೆಮನೆಯವರ ತಲೆ ಒಡೆದಿತ್ತು. ಅವನ್ನು ಅವರು ಅಂಟಿಸಿರಲಿಲ್ಲ. ಅದಕ್ಕೆ ಕಾರಣವಿತ್ತು. ಅವರ ಗೃಹಪ್ರವೇಶಕ್ಕೆ ಚಾಮರಾಜಪೇಟೆಯ ನೆಂಟರಾರೂ ಬಂದಿರಲಿಲ್ಲ. ಮಾಗಡಿ ರಸ್ತೆ ದಾಟಿದರೆ ನರಿಗಳು ಓಡಾಡುತ್ತವಂತೆ, ಹೆಂಗಸರನ್ನು ಕರೆದುಕೊಂಡು ಹೇಗೆ ಬರೋಣ ಎಂದು ಹೇಳಿ ಕಳಿಸಿದ್ದರು. ಇನ್ನೂರು ಹೋಳಿಗೆ ಉಳಿದುಹೋಯಿತು. ನೋಡದ ಊರಿಗೆ ಹೆಸರಿಡುವ ಇಂಥ ಜನ ಎಲ್ಲಾದರೂ ಉಂಟೇ ಎಂದು ಚನ್ನವೀರಪ್ಪನವರು ಇವತ್ತಿಗೂ ಕುದಿಯುತ್ತಿದ್ದರು.

“ಭಾನುವಾರ ಎಲ್ಲಾರೂ ಹೋಗಿ ಬರೋಣ. ನೋಡಿದ ಮೇಲೆ ಹೇಳ್ತೀನಿ,” ಎಂದರು.

ಹೋದ ವರ್ಷ ತುಮಕೂರಿನಲ್ಲಿ ಸಿಕ್ಕಿದ್ದ ಕೆಲಸವೂ ಹೀಗೇ ಅಪ್ಪಾಜಿ ನೋಡಿದ ಮೇಲೆ ಹೋಗಿತ್ತು. ಜಗದಾಂಬಾ ಆರ್ಡರನ್ನು ಮಡಿಸಿ ಕೈಚೀಲದಲ್ಲಿಟ್ಟುಕೊಂಡಳು.

ಗುರುವಾರದಿಂದಲೇ ತಯಾರಿ ನಡೆಯಿತು. ಕೆಂಗೇರಿಯ ನೀರು ಮುಟ್ಟಕೂಡದೆಂದು ಆಜ್ಞೆಯಾದ್ದರಿಂದ ಅವ್ವ ಬಸವರಾಜೇಶ್ವರಿ ಶನಿವಾರ ಮಧ್ಯಾಹ್ನವೇ ನೀರು ಕುದಿಸಿ ಆರಿಸಿ, ಬೆಲ್ಲ ಕರಗಿಸಿ, ಹತ್ತು ನಿಂಬೆಹಣ್ಣು ಹಿಂಡಿ, ತಿರುಪಿನ ಮುಚ್ಚಳದ ಹಿತ್ತಾಳೆ ಕೂಜಾದ ತುಂಬ ಪಾನಕ ಮಾಡಿಟ್ಟರು. ಬಳೆ, ಓಲೆ ತೆಗೆದು ಅಕ್ಕಿ ಡಬ್ಬಿಯಲ್ಲಿ ಹೂತರು. ಕಚೇರಿ ಗುಮಾಸ್ತನಾಗಿದ್ದ ಅಣ್ಣ ಪಂಚಾಕ್ಷರಿ ಟಾರ್ಚಿಗೆ ಹೊಸ ಸೆಲ್ಲು ಹಾಕಿದ. ಹಗಲು ಹೊತ್ತಲ್ಲಿ ಟಾರ್ಚು ಯಾಕೋ ಎಂದು ಜಗದಾಂಬಾ ಕೇಳಿದ್ದಕ್ಕೆ, ಅಪಾಯ ಹೊತ್ತು ನೋಡಿಕೊಂಡು ಬರುತ್ತದೇನೇ ಎಂದ. ಮಲೇರಿಯಾ ಬಾರದಿರಲೆಂದು ಕ್ವಿನೈನ್ ಮಾತ್ರೆಯನ್ನು ಜಗದಾಂಬಾಳ ಹೊರತು ಮೂವರೂ ಮುಂಚಿತವಾಗಿಯೇ ನುಂಗಿದರು. ಅರ್ಧ ಗಂಟೆಯ ರೈಲು ಪ್ರಯಾಣಕ್ಕೆ ನಾಲ್ಕು ಜನ, ಏಳು ಗಂಟು.

ಕೆಂಗೇರಿ ಸ್ಟೇಷನ್ನಿನಲ್ಲಿ ಇಳಿದಾಗ ಎಳೆ ಬಿಸಿಲಿತ್ತು. ಹುಣಸೆಮರದ ಕೆಳಗೆ ಒಂದು ನಾಯಿ ಮಲಗಿತ್ತು. ಹುಚ್ಚು ಹಿಡಿಯುವ ಮೊದಲು ನಾಯಿ ಹೀಗೇ ಮಂಕಾಗುವುದು ಎಂದರು ಅಪ್ಪಾಜಿ. ಸೈಕಲ್ಲಿನಿಂದಿಳಿದ ಒಬ್ಬಾತ ನಕ್ಕು, ಎಲ್ಲಿಗೆ ಹೋಗಬೇಕು ಸ್ವಾಮಿ ಎಂದು ಕೇಳಿದ. ಗುರುತಿಲ್ಲದವನು ನಗುವುದೇಕೆ ಎಂದು ಪಂಚಾಕ್ಷರಿ ಗಂಟುಗಳನ್ನು ಎಣಿಸಿದ. ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವವರ ಹಾಡು ಕೇಳಿಸುತ್ತಿತ್ತು. ಅವ್ವ ಅತ್ತ ತಿರುಗಿ, ಎಷ್ಟು ಚೆನ್ನಾಗಿದೆ ಎಂದು ಬಾಯಿ ತೆರೆದವರು, ಗಂಡನ ಮುಖ ನೋಡಿ, ಎಷ್ಟು ಆಳವಿದೆಯೋ ಎಂದು ಮುಗಿಸಿದರು.

ಭಾನುವಾರವಾದ್ದರಿಂದ ಸ್ಕೂಲಿನ ಬೀಗದ ಕೈ ಪಕ್ಕದ ಮನೆಯ ಮುನಿಲಕ್ಷ್ಮಮ್ಮನ ಹತ್ತಿರವಿತ್ತು. ಹೊಲ ಮನೆ ನಡೆಸುವ ಗಟ್ಟಿ ಹೆಂಗಸು. ಮೊಮ್ಮಗಳಿಗೆ ಪಾಠ ಹೇಳುವ ಮೇಡಮ್ಮು ಬಂದರೆಂದು ಆಕೆ ಜಗಲಿಗೆ ಚಾಪೆ ಹಾಸಿ, ನಾಲ್ಕು ಲೋಟ ಮಜ್ಜಿಗೆ ತಂದಿಟ್ಟಳು. ಮೂವರು ಕೈಮುಗಿದು, ಎಲ್ಲಾ ತಂದಿದ್ದೀವಿ ಎಂದರು. ಜಗದಾಂಬಾ ಒಂದು ಲೋಟ ತೆಗೆದುಕೊಂಡು ಕುಡಿದಳು. ಅಪ್ಪಾಜಿಯ ಹುಬ್ಬು ಮೇಲೇರಿದ್ದನ್ನು ಕಂಡೂ, ಇನ್ನೊಂದು ಲೋಟ ಕುಡಿದಳು.

ಸ್ಕೂಲು ನೋಡಿದ್ದಾಯಿತು. ಗೋಡೆ ಸುಣ್ಣ ಕಂಡಿತ್ತು, ಕಿಟಕಿಗೆ ಸರಳಿತ್ತು, ಬಾವಿಗೆ ಕಟ್ಟೆಯೂ ಇತ್ತು. ಅಪ್ಪಾಜಿ ಕಟ್ಟೆಯನ್ನು ಕೊಡೆಯ ತುದಿಯಿಂದ ಕುಟ್ಟಿ ನೋಡಿ, ಈಚೆಗೆ ಕಟ್ಟಿದ್ದು, ಅಂದರೆ ಕುರಿ ಬಿದ್ದದ್ದು ನಿಜ ಎಂದರು. ಮತ್ತೆ ಜಗಲಿಗೆ ಬಂದು ಕೂಜಾದ ತಿರುಪು ಬಿಚ್ಚಿ ಮೂವರೂ ಎರಡೆರಡು ಲೋಟ ಪಾನಕ ಕುಡಿದರು.

ಕಾಲು ಗಂಟೆಯಲ್ಲಿ ಪಂಚಾಕ್ಷರಿ ಬೇಲಿಯ ಹತ್ತಿರ ಬಗ್ಗಿದ. ಅವನ ಹಿಂದೆ ಅವ್ವ. ಅಪ್ಪಾಜಿ, ಈ ಊರಿನ ಗಾಳಿಯ ದೋಷ ಎಂದು ಅರ್ಧ ಹೇಳಿ, ಉಳಿದರ್ಧ ಹೇಳಲು ಬೇಲಿಗೇ ಓಡಬೇಕಾಯಿತು. ಮುನಿಲಕ್ಷ್ಮಮ್ಮ ಮೂವರ ತಲೆಯನ್ನೂ ಸರದಿಯಂತೆ ಹಿಡಿದು, ಬೆನ್ನು ನೀವಿ, ಕೆಂಗೇರಿಯ ನೀರನ್ನೇ ಚೊಂಬುಗಟ್ಟಲೆ ಕುಡಿಸಿ ಕಕ್ಕಿಸಿದಳು. ಆಮೇಲೆ ಮಜ್ಜಿಗೆ ಕೊಟ್ಟಳು. ಮೂರು ಗಂಟೆಯ ಹೊತ್ತಿಗೆ ಮೂವರೂ ಅವಳ ಚಾಪೆಯ ಮೇಲೆ, ಒಗೆದು ಹಿಂಡಿದ ಬಟ್ಟೆಗಳ ಹಾಗೆ ಬಿದ್ದಿದ್ದರು.

“ಊರಿನ ಗಾಳಿ ಕಣಮ್ಮ,” ಎಂದರು ಅಪ್ಪಾಜಿ, ಕಣ್ಣು ಮುಚ್ಚಿಯೇ. “ಆಗೋದಿಲ್ಲ. ಇದು ನಮ್ಮ ಮಗಳಿಗೆ ಆಗೋದಿಲ್ಲ.”

ಜಗದಾಂಬಾ ಆರ್ಡರಿದ್ದ ಕೈಚೀಲವನ್ನು ಹತ್ತಿರ ಎಳೆದುಕೊಂಡಳು. ತುಮಕೂರಿನಲ್ಲೂ ಇದೇ ಮಾತಾಡಿದ್ದರು.

ಮುನಿಲಕ್ಷ್ಮಮ್ಮ ಕೂಜಾವನ್ನು ಬೆಳಕಿಗೆ ಓರೆ ಹಿಡಿದು ಒಳಗೆ ನೋಡಿದಳು. “ಗಾಳಿ ಅಲ್ಲ ಸ್ವಾಮಿ. ಒಳಗೆ ತವರದ ಕಲಾಯಿ ಚೂರೂ ಇಲ್ಲ. ಬರೀ ಹಿತ್ತಾಳೇಗೆ ನಿಂಬೆಹುಳಿ ಹುಯ್ದು ಒಪ್ಪೊತ್ತು ಇಟ್ರೆ ಕಿಲುಬು ಬಿಡದೆ ಇನ್ನೇನು ಬಿಟ್ಟಾತು? ಕಲಾಯಿ ಹಾಕಿಸಿ ಎಷ್ಟು ವರ್ಷ ಆಯ್ತವ್ವಾ?”

ಅವ್ವ ಕ್ಷೀಣ ದನಿಯಲ್ಲಿ ಎರಡು ವರ್ಷ ಎಂದರು. ಕಲಾಯಿಯವರು ಹಗಲು ಪಾತ್ರೆ ನೋಡಿ ಹೋಗಿ ಕಳ್ಳರಿಗೆ ಸುದ್ದಿ ಕೊಡುತ್ತಾರೆಂದು ಯಾವುದೋ ಪತ್ರಿಕೆಯಲ್ಲಿ ಬಂದಿತ್ತಂತೆ; ಅಂದಿನಿಂದ ಯಜಮಾನರು ಅವರನ್ನು ಗೇಟಿನೊಳಗೆ ಬಿಟ್ಟಿರಲಿಲ್ಲ.

ಮುನಿಲಕ್ಷ್ಮಮ್ಮ ಗಲ್ಲಕ್ಕೆ ಕೈ ಹಚ್ಚಿದಳು. ಕಲಾಯಿಯವನೂ ಕಾಲಿಡದ ಊರು ಯಾವುದದು ಎಂದು ಜಗದಾಂಬಾಳನ್ನು ಕೇಳಿದಳು.

ಹಾಗಲ್ಲ, ನಾವೇ ಬಿಡುವುದಿಲ್ಲ ಎಂದು ಹೇಳಲು ಹೊರಟ ಜಗದಾಂಬಾ, ಅಪ್ಪಾಜಿ ಒಂದು ಕಣ್ಣು ತೆರೆದದ್ದನ್ನು ಕಂಡು ತಡೆದಳು.

“ರಾಜಾಜಿನಗರ,” ಎಂದಳು. “ನಮ್ಮ ಬೀದಿಗೆ ನೆಂಟರೂ ಬರಲ್ಲಮ್ಮ.”

“ಯಾವ ಬೀದಿ?”

“ಹನ್ನೊಂದನೇ ಅಡ್ಡರಸ್ತೆ.”

“ಅದು ಎಣಿಕೆ ಆಯ್ತು ಕಣವ್ವ. ಹೆಸರೇನು?”

“ಹೆಸರಿಲ್ಲ. ಎಲ್ಲಾ ಬೀದಿಗೂ ನಂಬರೇ.”

“ಅಯ್ಯೋ ಶಿವನೇ. ಹೆಸರಿಲ್ಲದ ಬೀದೀಲಿ ಹೆಚ್ಚುಕಮ್ಮಿ ಆದ್ರೆ ಯಾರನ್ನ ಎಲ್ಲಿಗೆ ಅಂತ ಕೂಗೋದು?” ಮುನಿಲಕ್ಷ್ಮಮ್ಮ ಚಾಪೆಯ ಪಕ್ಕ ಕುಳಿತೇಬಿಟ್ಟಳು. ಅವಳ ಭಾವ ಒಮ್ಮೆ ಆ ಕಡೆ ಸೌದೆ ಗಾಡಿ ಹೊಡೆದುಕೊಂಡು ಹೋಗಿದ್ದನಂತೆ. ಎಲ್ಲಾ ಮನೆಗಳೂ ಒಂದೇ ಥರ, ಎಲ್ಲಾ ತಿರುವುಗಳೂ ಒಂದೇ ಥರ. ಮೂರು ಸಲ ಸುತ್ತಿ ಹೊರಟಲ್ಲಿಗೇ ಬಂದು, ಎತ್ತು ಬಿದ್ದುಹೋಯಿತಂತೆ. ಆಮೇಲೆ ಅವನಿಗೆ ಜ್ವರ ಬೇರೆ. ಅಲ್ಲಿ ಕಳ್ಳತನವೂ ಉಂಟೋ ಎಂದು ಕೇಳಿದಳು. ಈ ವರ್ಷ ನಮ್ಮ ಬೀದಿಯಲ್ಲಿ ಮೂರು ಎಂದಳು ಜಗದಾಂಬಾ, ತಲೆ ತಗ್ಗಿಸಿ.

ಅಪ್ಪಾಜಿ ಎದ್ದು ಕುಳಿತರು.

“ನೋಡವ್ವ, ಮನಸಿಗೆ ತಗೋಬೇಡ,” ಎಂದಳು ಮುನಿಲಕ್ಷ್ಮಮ್ಮ. “ಅಂಥಾ ಜಾಗದಿಂದ ಹೆಣ್ಣುಮಗಳು ದಿನಾ ಬಂದು ಹೋಗೋದು ಅಂದ್ರೆ ನಂಗೇ ನಿದ್ದೆ ಬರಾಕಿಲ್ಲ. ಇಲ್ಲಿ ಈ ಕೋಣೇಲಿ ಇದ್ದುಬಿಡು. ಇಲ್ದಿದ್ರೆ ಈ ಕೆಲಸಾನೇ ಬೇಡ, ಹೆಡ್‌ಮೇಡಮ್ಮಿಗೆ ನಾನೇ ಹೇಳ್ತೀನಿ. ನಿನ್ನ ಜೀವ ದೊಡ್ಡದಾ, ಕೆಲಸ ದೊಡ್ಡದಾ?”

“ಏನಮ್ಮಾ ನೀವು ಮಾತಾಡೋದು?” ಅಪ್ಪಾಜಿಯ ದನಿಯಲ್ಲಿ ಶಿರಸ್ತೇದಾರಿಕೆ ಮರಳಿತ್ತು. “ರಾಜಾಜಿನಗರ ನೀವು ನೋಡಿದ್ದೀರಾ? ನೋಡದೇನೆ ಒಂದು ಊರಿನ ಮೇಲೆ ಹೀಗೆ ಹೇಳಬಹುದಾ?”

“ನೋಡೋಕೆ ಹೋದ ನಮ್ಮ ಭಾವನ ಗತಿ ಕೇಳಿದ್ರಲ್ಲಾ ಸ್ವಾಮಿ.”

ಜಗದಾಂಬಾ ಮೆಲ್ಲಗೆ, “ಅಪ್ಪಾಜಿ, ಅವರು ಹೇಳೋದರಲ್ಲೂ ನಿಜ ಇದೆ. ಬೇಡ ಅಂದುಬಿಡೋಣ,” ಎಂದಳು. ಅಪ್ಪಾಜಿ ಹೂಂ ಎಂದುಬಿಟ್ಟರೆ ಮತ್ತೆ ಹಪ್ಪಳವೇ.

“ಬೇಡ ಅನ್ನೋಕೆ ನೀನ್ಯಾರು?” ಎಂದು ಅಪ್ಪಾಜಿ ಅವಳ ಮೇಲೆ ತಿರುಗಿದರು. ಆಮೇಲೆ ಮುನಿಲಕ್ಷ್ಮಮ್ಮನಿಗೆ, “ನಾಳೆ ಬೆಳಿಗ್ಗೆ ಗಾಡಿಗೆ ಇವಳು ಬರ್ತಾಳೆ. ಸಾಯಂಕಾಲ ರಾಜಾಜಿನಗರಕ್ಕೆ ಹೋಗ್ತಾಳೆ. ನಾಡಿದ್ದೂ ಅಷ್ಟೇ. ದಿನಾ. ಕೂದಲೂ ಕೊಂಕಲ್ಲ, ನೀವೇ ನೋಡಿ,” ಎಂದರು.

ಮುನಿಲಕ್ಷ್ಮಮ್ಮ ಜಗದಾಂಬಾಳ ಕಡೆ ಕನಿಕರದಿಂದ ನೋಡಿ, ದೇವರು ದೊಡ್ಡವನು ಎಂದಳು.

ಸಾಯಂಕಾಲ ಪ್ಲಾಟ್‌ಫಾರಮ್ಮಿನಲ್ಲಿ ಅಪ್ಪಾಜಿ ಅವ್ವನಿಗೂ ಪಂಚಾಕ್ಷರಿಗೂ ರಾಜಾಜಿನಗರದ ಅಗಲವಾದ ರಸ್ತೆಗಳ ವಿಷಯ ಹೇಳುತ್ತಿದ್ದರು. ಅವರಿಬ್ಬರೂ ಅಲ್ಲಿ ಎಂದೂ ವಾಸಿಸಿಲ್ಲವೇನೋ ಎಂಬಂತೆ. ಜಗದಾಂಬಾ ಹೂಂಗುಟ್ಟಿದಳು, ನಗಲಿಲ್ಲ. ನಗುವುದಕ್ಕೆ ನಾಳೆ ಬೆಳಿಗ್ಗೆ ರೈಲು ಹೊರಡುವ ತನಕ ಕಾಯಬಹುದಿತ್ತು.